ಸಿಖ್ಖರ ಐದು ಕಕಾರಗಳು

ಬೀದರಿನ ಗುರುನಾನಕ ಝೀರಾಕ್ಕೆ, ನಾಂದೇಡಿನ ಗುರುದ್ವಾರಕ್ಕೆ ಹೋಗಿ ಬಂದ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿಯ ಲಂಗರ್ ಎಂದರೆ ನಮ್ಮ ದಾಸೋಹವೇ. ಪಂಕ್ತಿಯಲ್ಲಿ ಕುಳಿತು ಉಂಡವರೂ ಉಂಟು. ಆದರೆ ಸಿಖ್ಖರ ಮೈಮೇಲಿನ ಲಾಂಛನಗಳು ಯಾವುವೆಂದು ಕೇಳಿದರೆ 'ಪೇಟ, ಕತ್ತಿ' ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಪೇಟವಂತೂ ಐದರ ಎಣಿಕೆಯಲ್ಲಿಯೇ ಇಲ್ಲ. ಅದು ಕೇಶವನ್ನು ಕಾಪಾಡುವ, ಮರ್ಯಾದೆಯ ವಸ್ತ್ರ.

1699ರ ವೈಶಾಖಿಯಂದು ಪಂಜಾಬಿನ ಆನಂದಪುರದಲ್ಲಿ ಹತ್ತನೆಯ ಗುರು ಗೋವಿಂದಸಿಂಹರು ಹಿರಿದ ಕತ್ತಿ ಹಿಡಿದು, ತಲೆ ಕೊಡುವವರು ಯಾರಿದ್ದೀರಿ ಎಂದು ಸಭೆಯನ್ನು ಕೇಳಿದರು. ಒಬ್ಬೊಬ್ಬರಾಗಿ ಐವರು ಎದ್ದರು. ಸಿಖ್ ಪರಂಪರೆಯ ಪ್ರಕಾರ ಅವರಲ್ಲೊಬ್ಬರು ಬೀದರಿನ ಕ್ಷೌರಿಕ ಸಾಹಿಬಚಂದರು. ಗುರುಗಳು ಕಬ್ಬಿಣದ ಪಾತ್ರೆಯಲ್ಲಿ ಬತ್ತಾಸು ಬೆರೆತ ನೀರನ್ನು ಖಂಡೆಯಿಂದ ಕದಡಿ, ಐವರಿಗೂ ಅಮೃತವೆಂದು ಕುಡಿಸಿದರು; ಬಳಿಕ ಅವರ ಕೈಯಿಂದಲೇ ತಾವೂ ಅದನ್ನು ಪಡೆದರು. ಕೂದಲು ಕತ್ತರಿಸುವ ಕಾಯಕದವರು ಅಂದು ಕೂದಲು ಕತ್ತರಿಸದ ದೀಕ್ಷೆ ಪಡೆದು ಸಾಹಿಬಸಿಂಹರಾದರು. ಹಡಪದ ಅಪ್ಪಣ್ಣನವರ ಕಲ್ಯಾಣವೂ ಇಂದಿನ ಬೀದರ ಜಿಲ್ಲೆಯಲ್ಲಿಯೇ ಇದೆ ಎಂಬುದು ನಮಗೆ ನೆನಪಾಗದೆ ಇರದು.

ಕೇಶವೆಂದರೆ ದೇವರು ಕೊಟ್ಟದ್ದನ್ನು ಹಾಗೆಯೇ ಉಳಿಸಿಕೊಳ್ಳುವುದು. ಆದರೆ ಅದು ಜಡೆಗಟ್ಟಬಾರದು. ಅದಕ್ಕಾಗಿಯೇ ಕಂಘಾ, ಅಂದರೆ ಮರದ ಬಾಚಣಿಗೆ. ಕಾಡಿಗೆ ಹೋದ ಜಟಾಧಾರಿಯ ದಾರಿ ಇದಲ್ಲ, ಸಂಸಾರಸ್ಥನ ದಾರಿ ಎಂಬ ಅರ್ಥ ಇಲ್ಲಿದೆ. ಕಡಾ ಕಬ್ಬಿಣ ಇಲ್ಲವೆ ಉಕ್ಕಿನದು, ಬಂಗಾರದ್ದಲ್ಲ. ತಕ್ಕಡಿ ಹಿಡಿದ ಕೈ ತಪ್ಪು ಮಾಡಹೊರಟರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಕಚ್ಛೇರಾ ಎಂಬ ಚಡ್ಡಿ ಶೀಲಕ್ಕೆ, ಸನ್ನದ್ಧತೆಗೆ. ಕಿರ್ಪಾಣ ದುರ್ಬಲರ ರಕ್ಷಣೆಗೆ. ಅದನ್ನು ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ನಮ್ಮ ಸಂವಿಧಾನದ 25ನೆಯ ವಿಧಿಯ ವಿವರಣೆಯೇ ಹೇಳಿದೆ.

ಇಷ್ಟಲಿಂಗವನ್ನು ಅಂಗದಿಂದ ಅಗಲಿಸದ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಆದರೂ ನಮ್ಮ ಲಿಂಗ ಅಂಗಿಯೊಳಗೆ ಮರೆಯಾಗಿರುತ್ತದೆ. ಅವರ ಲಾಂಛನ ದೂರದಿಂದಲೇ ಕಾಣುತ್ತದೆ. 1984ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಕೇಶವನ್ನೇ ಗುರುತು ಹಿಡಿದು ಕೊಂದರು. ಜೀವ ಉಳಿಸಿಕೊಳ್ಳಲು ಕೂದಲು ಕತ್ತರಿಸಿಕೊಂಡವರು ಎಷ್ಟೋ ಮಂದಿ. 1988ರಲ್ಲಿ ಸಾಹಿಬಸಿಂಹರ ಬೀದರಿನಲ್ಲಿಯೇ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿಯಾಗಿ ಕೆಲವರು ಪ್ರಾಣ ಕಳೆದುಕೊಂಡರು. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ.

ಝೀರಾಕ್ಕೆ ಹೋಗುವ ಭಕ್ತರು ತಲೆಗೆ ವಸ್ತ್ರ ಕಟ್ಟಿಕೊಂಡು ಒಳಗೆ ಹೋಗಬೇಕು. ಬೀಡಿ, ತಂಬಾಕಿನ ಚೀಲವನ್ನು ಒಯ್ಯಲೇಬಾರದು.