ರೆಂಡರ್ ಒತ್ತುವ ಮೊದಲು ಮಾತ್ರೆ ಎಣಿಸಿ

ತೆಲಸಂಗದಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೋ. ಅಥಣಿ–ವಿಜಯಪುರ ರಸ್ತೆಯ ಲಾರಿಗಳ ಸದ್ದು ಅಡಗಿದ ಮೇಲೆ ಭಜನಾ ಮೇಳದವರನ್ನೂ ಡೊಳ್ಳಿನ ಪದದವರನ್ನೂ ರೆಕಾರ್ಡ್ ಮಾಡುತ್ತೇನೆ. ಅವರ ನುಡಿಸಾಣಿಕೆಯಲ್ಲಿ ಚೆಂದ ಕೂತ ಆವರ್ತಗಳನ್ನು ಆಯ್ದು, ಲೂಪ್ ಮಾಡಿ, ಆಡಿಯೊ ಫೈಲಾಗಿ ತೆಗೆದಿಡುವುದು, ಅಂದರೆ ರೆಂಡರ್ ಮಾಡುವುದು, ನನ್ನ ಕೆಲಸದ ಮುಖ್ಯ ಭಾಗ. ಅದರಲ್ಲಿ ಕಲಿತದ್ದು ಇಷ್ಟು.

1. ಸಾಫ್ಟ್‌ವೇರ್ ತೆರೆದಾಗ ನಾಲ್ಕು ಮಾತ್ರೆಯ ಬಾರ್‌ಗಳೇ ಕಾಣುತ್ತವೆ. ನಮ್ಮ ಭಜನೆಗೆ ದಾದ್ರಾ ಬಂದರೆ ಆರು ಮಾತ್ರೆ. ಮೊದಮೊದಲು ಒಂದು ದಾದ್ರಾ ಆವರ್ತಕ್ಕೆ ಎರಡು ಬಾರ್ ಆಯ್ದು ರೆಂಡರ್ ಮಾಡಿಬಿಟ್ಟಿದ್ದೆ. ಗತಿ ನಿಮಿಷಕ್ಕೆ 120 ಮಾತ್ರೆ. ಆರು ಮಾತ್ರೆಗೆ 3 ಸೆಕೆಂಡ್ ಸಾಕು, ಫೈಲು ಬಂದದ್ದು 4 ಸೆಕೆಂಡಿನದು. ಢೋಲಕಿ ನುಡಿಸಿದ್ದ ಹಿರಿಯರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಆವರ್ತ ಮುಗಿದಲ್ಲಿ ಅವರ ಕೈ ಗಾಳಿಯಲ್ಲೇ ನಿಂತಿತು. "ತಮ್ಮಾ, ಇಲ್ಲಿ ಯಾಕ ಉಸುರು ಹಿಡದೀ?" ಎಂದರು. ಅಂದಿನಿಂದ ಮೊದಲು ಬಾಯಲ್ಲಿ ಮಾತ್ರೆ ಎಣಿಸುತ್ತೇನೆ, ಆಮೇಲೆ ಮೌಸ್ ಮುಟ್ಟುತ್ತೇನೆ.

2. ಮೊದಲ ಆವರ್ತಗಳನ್ನು ಆಯಬೇಡಿ. ಕೈ ಕಾಯಲು ಹೊತ್ತು ಬೇಕು. ಹಾಡು ಏರಿದಾಗಿನ ಪೆಟ್ಟೇ ಬೇರೆ. ಆ ಪೆಟ್ಟುಗಳನ್ನು ಒಂದೊಂದಾಗಿ ಗ್ರಿಡ್ಡಿನ ಗೆರೆಗೆ ಎಳೆದು ಕೂರಿಸಿದರೆ ಢೋಲಕಿ ಉಳಿಯುತ್ತದೆ, ನುಡಿಸಿದವನು ಉಳಿಯುವುದಿಲ್ಲ. ಪ್ರಾಜೆಕ್ಟಿನ ಗತಿಯನ್ನೇ ಅವರ ಕೈಗೆ ಹೊಂದಿಸಿ.

3. ತಾಳದ ನಾದ, ರಿವರ್ಬಿನ ಗುಂಗು ಆವರ್ತದ ಗೆರೆ ದಾಟಿ ಹರಿಯುತ್ತದೆ. ಅಲ್ಲಿ ಕತ್ತರಿಸಿದರೆ ಲೂಪ್ ತಿರುಗುವಾಗ ಬಾಗಿಲು ಬಡಿದಂತಾಗುತ್ತದೆ. ಎಫ್‌ಎಲ್ ಸ್ಟುಡಿಯೋದಲ್ಲಿ 'ರ್‍ಯಾಪ್ ರಿಮೇಂಡರ್', ಏಬಲ್ಟನ್ ಲೈವ್‌ನಲ್ಲಿ 'ರೆಂಡರ್ ಆ್ಯಸ್ ಲೂಪ್' ಆಯ್ದುಕೊಂಡರೆ ಬಾಲದ ಆ ನಾದ ಲೂಪಿನ ತಲೆಗೆ ಸೇರುತ್ತದೆ. ಕೇಳುವವರಿಗೆ ಬೆಸುಗೆ ತಿಳಿಯುವುದಿಲ್ಲ. ಇಷ್ಟಾಗಿಯೂ 'ಟಿಕ್' ಎಂದರೆ, ತುದಿಗಳಲ್ಲಿ ಒಂದೆರಡು ಮಿಲಿಸೆಕೆಂಡಿನ ಫೇಡ್ ಕೊಡಿ.

4. ಲೂಪನ್ನು ಎಂಪಿ3 ಮಾಡಲೇಬೇಡಿ. ಆ ಕೋಡಿಂಗ್ ಧ್ವನಿಯನ್ನು 1152 ಸ್ಯಾಂಪಲ್‌ಗಳ ಕಂತೆಯಾಗಿ ಕಟ್ಟುವುದರಿಂದ ಹಿಂದೆ ಮುಂದೆ ಚೂರು ಮೌನ ಸೇರಿ ತಾಳ ಜಾರುತ್ತದೆ. ವೇವ್ ಫೈಲೇ ಸರಿ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊದಲ್ಲಿ 3 ಸೆಕೆಂಡಿನ ಲೂಪ್ 1 ಎಂಬಿಯೂ ತುಂಬುವುದಿಲ್ಲ.

5. ರೆಂಡರ್ ಒತ್ತುವ ಮೊದಲು ಮಾಸ್ಟರಿನ ಲಿಮಿಟರ್ ಆಫ್ ಮಾಡಿ, ಬೇಡದ ಟ್ರ್ಯಾಕ್ ಮ್ಯೂಟ್ ಮಾಡಿ. ಬಂದ ಫೈಲನ್ನು ಹೊಸ ಪ್ರಾಜೆಕ್ಟಿಗೆ ಹಾಕಿ ಎಂಟು ಸುತ್ತು ಕೇಳಿ.

6. ಫೈಲಿನ ಹೆಸರಲ್ಲಿ ತಾಳ, ಗತಿ, ಶ್ರುತಿಯ ಜೊತೆ ನುಡಿಸಿದವರ ಹೆಸರು, ಊರು ಬರೆಯಿರಿ. ಪೆನ್‌ಡ್ರೈವ್ ಹತ್ತಿದ ಲೂಪ್ ಜಾತ್ರೆಯ ಸೌಂಡ್ ಬಾಕ್ಸಿನವರೆಗೂ ಹೋಗುತ್ತದೆ. ಬಾರಿಸಿದ ಮನುಷ್ಯ ಮಾತ್ರ ಮನೆಯಲ್ಲೇ ಉಳಿಯುತ್ತಾನೆ. ಅವರನ್ನು ಕೇಳದೆ ಹಂಚಬೇಡಿ. ಅದರಿಂದ ನಾಲ್ಕು ಕಾಸು ಬಂದರೆ ಅವರ ಪಾಲನ್ನು ಮನೆಗೇ ಹೋಗಿ ಕೊಟ್ಟು ಬನ್ನಿ.