ಮೆದುಳಿನ ಕ್ಯಾನ್ಸರ್: ಚಿಕಿತ್ಸೆಯ ತೀರ್ಮಾನ ಯಾರದು, ಯಾವಾಗ?

ರೋಗ ಬಂದಾಗ ಮದ್ದು ಮಾಡುವುದು ಅಲ್ಲಾಹನ ಮೇಲಿನ ಭರವಸೆಗೆ ವಿರುದ್ಧವಲ್ಲ. ಪ್ರವಾದಿವರ್ಯರು(ಸ) ಚಿಕಿತ್ಸೆ ಪಡೆಯುವಂತೆ ಜನರಿಗೆ ಹೇಳಿದರು, ಸ್ವತಃ ಪಡೆದರು. ಇದರಲ್ಲಿ ನಮ್ಮಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಮದ್ದಿನಿಂದ ರೋಗ ಗುಣವಾಗದು, ಕೆಲವು ತಿಂಗಳು ಹಿಂದಕ್ಕೆ ಸರಿಯಬಹುದು ಅಷ್ಟೇ ಎಂದು ವೈದ್ಯರು ಹೇಳಿದಾಗ ಏನು ಮಾಡಬೇಕು? ಮುಂದುವರಿದ ಮೆದುಳಿನ ಕ್ಯಾನ್ಸರ್ ಮನೆಯವರ ಮುಂದಿಡುವ ಪ್ರಶ್ನೆ ಇದು. ಉತ್ತರ ಹುಡುಕಲು ಅದು ಕೊಡುವ ಕಾಲಾವಕಾಶವೂ ಕಡಿಮೆ.

ಸವಣೂರಿನಲ್ಲಿ ವೀಳ್ಯದೆಲೆ ತೋಟ ಮಾಡಿಕೊಂಡಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿರಿ. ತಂದೆಗೆ ಈ ರೋಗ. ಹಿರಿಯ ಮಗ ತೋಟ ಮಾರಿಯಾದರೂ ಬೆಂಗಳೂರಿಗೆ ಒಯ್ಯೋಣ ಎನ್ನುತ್ತಾನೆ. ಕಿರಿಯವನು ಅಬ್ಬಾಗೆ ಇನ್ನು ನೋವು ಕೊಡುವುದು ಬೇಡ ಎನ್ನುತ್ತಾನೆ. ತಾಯಿ ಅಳುತ್ತಾಳೆ. ಬಂಧುಗಳು ತಲೆಗೊಂದು ಸಲಹೆ ಕೊಡುತ್ತಾರೆ. ತಂದೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ನಾವು ಕಲಿಯಬೇಕಾದ ಪಾಠ ಇಲ್ಲಿಂದಲೇ ಆರಂಭವಾಗುತ್ತದೆ.

ರೋಗದ ಸ್ವರೂಪ

ಬೆಳಗಿನ ಹೊತ್ತು ಹೆಚ್ಚುವ ತಲೆನೋವು, ವಾಂತಿ, ಹೊಸದಾಗಿ ಬಂದ ಫಿಟ್ಸ್, ಒಂದು ಕೈ-ಕಾಲಿನ ಬಲ ಕುಂದುವುದು, ಮಾತು ತಡವರಿಸುವುದು, ಸ್ವಭಾವ ಬದಲಾಗುವುದು ಇದರ ಲಕ್ಷಣಗಳು. ಇವನ್ನು ಜಿನ್ನಿನ ಕಾಟವೆಂದು ತಿಳಿದು ತಾಯಿತದಲ್ಲೇ ತಿಂಗಳುಗಳನ್ನು ಕಳೆಯಬಾರದು. ದುಆ ನಡೆಯಲಿ, ಜೊತೆಗೆ ಸ್ಕ್ಯಾನಿಂಗ್ ಕೂಡ ನಡೆಯಲಿ.

ಗಡ್ಡೆ ಮೆದುಳಿನಲ್ಲೇ ಹುಟ್ಟಿದ್ದೋ, ಶ್ವಾಸಕೋಶ ಅಥವಾ ಸ್ತನದಿಂದ ಬಂದು ಸೇರಿದ್ದೋ ಎಂಬುದನ್ನು ಮೊದಲು ಕೇಳಿ ತಿಳಿಯಿರಿ. ಎರಡರ ದಾರಿ ಬೇರೆ ಬೇರೆ. ದೊಡ್ಡವರಲ್ಲಿ ಮೆದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಗ್ಲಿಯೊಬ್ಲಾಸ್ಟೋಮಾ. ಇದು ನಾಲ್ಕನೇ ದರ್ಜೆಯದು. ಗರಿಕೆಯ ಬೇರಿನಂತೆ ಆರೋಗ್ಯವಂತ ಭಾಗದೊಳಗೂ ಹರಡಿರುವುದರಿಂದ ಶಸ್ತ್ರಚಿಕಿತ್ಸಕ ಎಷ್ಟು ನಿಪುಣನಾದರೂ ಪೂರ್ತಿ ಕೀಳಲಾರ.

ಚಿಕಿತ್ಸೆ ಕೊಡುವುದೆಷ್ಟು?

ಸಾಧ್ಯವಾದಷ್ಟು ಗಡ್ಡೆಯನ್ನು ತೆಗೆದ ಬಳಿಕ ಜನರು 'ಕರೆಂಟ್ ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆ ನಡೆಯುತ್ತದೆ. ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ. ಜೊತೆಗೆ ಟೆಮೊಜೊಲೊಮೈಡ್ ಎಂಬ ಗುಳಿಗೆ. 2005ರಲ್ಲಿ ಪ್ರಕಟವಾದ 573 ರೋಗಿಗಳ ಅಧ್ಯಯನದಲ್ಲಿ, ವಿಕಿರಣ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 12.1 ತಿಂಗಳು ದಾಟಿದರು. ಗುಳಿಗೆಯನ್ನೂ ಪಡೆದವರಲ್ಲಿ ಅರ್ಧದಷ್ಟು ಜನ 14.6 ತಿಂಗಳು ದಾಟಿದರು. ಎರಡು ವರ್ಷ ಬದುಕಿದವರು ಶೇ. 10ರಿಂದ ಶೇ. 26ಕ್ಕೆ ಏರಿದರು. ಲಾಭ ನಿಜ, ಆದರೆ ಅದಕ್ಕೆ ಮಿತಿಯಿದೆ. 65 ದಾಟಿದವರಿಗೆ ಮೂರು ವಾರಗಳ ಚಿಕ್ಕ ವಿಕಿರಣ ಚಿಕಿತ್ಸೆಯೂ ಇದೆ. ಹಿರೇಕೆರೂರಿನ ವೃದ್ಧರೊಬ್ಬರಿಗೆ ಆರು ವಾರ ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದು ಇರುವುದಕ್ಕೂ ಮೂರೇ ವಾರಕ್ಕೂ ಎಷ್ಟು ಅಂತರ! ಆದುದರಿಂದ ಇದನ್ನು ಕೇಳಲು ಸಂಕೋಚಪಡಬೇಡಿರಿ.

ರೋಗ ಮರಳಿ ಬಂದಾಗ ತೀರ್ಮಾನ ಇನ್ನೂ ಕಠಿಣವಾಗುತ್ತದೆ. ಆಗ ಬೆವಾಸಿಜುಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ನಿನ ಮಾತು ಬರಬಹುದು. ಅದು ಮೆದುಳಿನ ಊತ ಇಳಿಸಿ ಕೆಲವರಿಗೆ ನೆಮ್ಮದಿ ಕೊಡುತ್ತದೆ. ಆದರೆ 2017ರಲ್ಲಿ ಪ್ರಕಟವಾದ 437 ರೋಗಿಗಳ ಅಧ್ಯಯನದಲ್ಲಿ ಇತರ ಔಷಧದ ಜೊತೆ ಅದನ್ನು ಸೇರಿಸಿದ್ದರಿಂದ ಆಯುಷ್ಯವೇನೂ ಹೆಚ್ಚಲಿಲ್ಲ. ತೋಟ ಮಾರುವ ಮುನ್ನ ಮಕ್ಕಳು ಇದನ್ನು ತಿಳಿದಿರಬೇಕು.

ರೋಗಿಯನ್ನು ಕೇಳಿರಿ

ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಮೂರ್ಛೆರೋಗದ ಒಬ್ಬ ಮಹಿಳೆಯ ವೃತ್ತಾಂತವಿದೆ. ಆಕೆ ಪ್ರವಾದಿವರ್ಯರಲ್ಲಿ(ಸ) ದುಆ ಕೇಳಿದಾಗ ಅವರು ಎರಡು ದಾರಿಗಳನ್ನು ಆಕೆಯ ಮುಂದಿಟ್ಟರು: ಸಹನೆ ವಹಿಸಿದರೆ ಸ್ವರ್ಗ, ಬಯಸಿದರೆ ಗುಣವಾಗಲೆಂದು ಪ್ರಾರ್ಥನೆ. ಆಕೆ ಸಹನೆಯನ್ನು ಆರಿಸಿಕೊಂಡಳು. ಮೂರ್ಛೆಯಲ್ಲಿ ಮೈಮೇಲಿನ ಬಟ್ಟೆ ಸರಿಯದಂತೆ ಮಾತ್ರ ದುಆ ಮಾಡಬೇಕೆಂದು ಕೇಳಿಕೊಂಡಳು. ತೀರ್ಮಾನವನ್ನು ರೋಗಿಗೇ ಬಿಡಲಾಯಿತು ಎಂಬುದನ್ನು ಗಮನಿಸಿರಿ. ಬದುಕಿನ ಉದ್ದಕ್ಕಿಂತ ಮಾನವೇ ಕೆಲವರಿಗೆ ದೊಡ್ಡದಿರುತ್ತದೆ ಎಂಬುದನ್ನೂ ಗಮನಿಸಿರಿ.

ಪ್ರವಾದಿವರ್ಯರ(ಸ) ಕೊನೆಯ ಕಾಯಿಲೆಯಲ್ಲಿ ಮನೆಯವರು ಅವರ ಬಾಯಿಗೆ ಮದ್ದು ಹಾಕಿದರು. ಬೇಡವೆಂದು ಅವರು ಸನ್ನೆ ಮಾಡಿದ್ದರು. ರೋಗಿಗಳಿಗೆ ಮದ್ದು ಕಂಡರೆ ಆಗದು, ಅದಕ್ಕೇ ಬೇಡವೆನ್ನುತ್ತಿದ್ದಾರೆ ಎಂದು ಮನೆಯವರು ತಿಳಿದರು. ಎಚ್ಚರವಾದಾಗ ಅವರು ಅಸಮಾಧಾನ ವ್ಯಕ್ತಪಡಿಸಿದರು. ಪ್ರೀತಿಯಿಂದ ಮಾಡಿದರೂ ರೋಗಿಯ ಮಾತನ್ನು ಮೀರುವ ಅಧಿಕಾರ ಪ್ರೀತಿಗಿಲ್ಲ.

ಮೆದುಳಿನ ಕ್ಯಾನ್ಸರ್‌ನಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಬೇರೆ ಕ್ಯಾನ್ಸರ್‌ಗಳಲ್ಲಿ ರೋಗಿಯ ಬುದ್ಧಿ ಹೆಚ್ಚಾಗಿ ಕೊನೆಯವರೆಗೂ ಉಳಿಯುತ್ತದೆ. ಈ ರೋಗ ಮಾತನ್ನೂ ತಿಳಿವನ್ನೂ ಮೊದಲೇ ಕಸಿಯಬಹುದು. ಇಂದು ಕೇಳದಿದ್ದರೆ ಮುಂದಿನ ತಿಂಗಳು ಕೇಳಲು ಆಗದೇ ಹೋಗಬಹುದು.

ಸತ್ಯ ಮುಚ್ಚಿಡುವುದು ಕರುಣೆಯೇ?

ಹಝ್ರತ್ ಉಮರ್‌(ರ) ಇರಿತಕ್ಕೊಳಗಾದಾಗ ಕುಡಿಸಿದ ಹಾಲು ಗಾಯದಿಂದ ಹೊರಬಂತು. ವೈದ್ಯ ಮುಚ್ಚಿಡಲಿಲ್ಲ, ವಸಿಯ್ಯತ್ ಮಾಡಿರೆಂದ. ಹೀಗೆ ಸತ್ಯ ತಿಳಿದಿದ್ದರಿಂದಲೇ ಉಮರ್‌(ರ) ತಮ್ಮ ಸಾಲದ ಲೆಕ್ಕ ಒಪ್ಪಿಸಿದರು, ಮುಂದಿನ ಖಲೀಫರ ಆಯ್ಕೆಗೆ ಆರು ಮಂದಿಯನ್ನು ನೇಮಿಸಿದರು.

ನಮ್ಮ ಮನೆಗಳಲ್ಲಿ ರೋಗಿಯೊಬ್ಬರನ್ನು ಬಿಟ್ಟು ಊರಿಗೆಲ್ಲ ವಿಷಯ ಗೊತ್ತಿರುತ್ತದೆ. ಆಗ ಅವರು ಸಾಲ ತೀರಿಸುವುದು, ಕ್ಷಮೆ ಕೇಳುವುದು, ವಸಿಯ್ಯತ್ ಬರೆಯುವುದು ಹೇಗೆ? ಒಮ್ಮೆಲೇ ಎಲ್ಲವನ್ನೂ ಹೇಳಬೇಕೆಂದಿಲ್ಲ. ಎಷ್ಟು ತಿಳಿಯಬಯಸುತ್ತೀರೆಂದು ಮೊದಲು ಅವರನ್ನೇ ಕೇಳಿ, ಅಷ್ಟನ್ನು ಮೃದುವಾಗಿ ಹೇಳಿರಿ.

ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್‌ರಿಗೆ(ರ) ಪ್ರವಾದಿವರ್ಯರು(ಸ) ಹಾಸಿಗೆಯ ಬಳಿಯಲ್ಲೇ ವಸಿಯ್ಯತ್‌ನ ಮಿತಿ ಮೂರರಲ್ಲೊಂದು ಎಂದು ತಿಳಿಸಿದರು. ವಾರಸುದಾರರನ್ನು ಕೈಚಾಚುವ ಸ್ಥಿತಿಗೆ ದೂಡಬಾರದೆಂದೂ ಎಚ್ಚರಿಸಿದರು. ಮರಣವ್ಯಾಧಿಯಲ್ಲಿ ಕೊಡುವ ದಾನಕ್ಕೂ ಇದೇ ಮಿತಿ. ಫಲ ಅನಿಶ್ಚಿತವಾದ ಚಿಕಿತ್ಸೆಗಾಗಿ ಬಡ್ಡಿಸಾಲ ಮಾಡಿ ವಿಧವೆಯನ್ನೂ ಮಕ್ಕಳನ್ನೂ ಬೀದಿಗೆ ತರುವವರು ಈ ಎಚ್ಚರಿಕೆಯನ್ನು ನೆನೆಯಬೇಕು.

ಎಲ್ಲಿ ಹೋಗಬೇಕು?

ಹಾನಗಲ್, ಶಿಗ್ಗಾಂವಿ, ಸವಣೂರು ಕಡೆಯವರಿಗೆ ಹತ್ತಿರದ್ದು ಹುಬ್ಬಳ್ಳಿ. ಕಿಮ್ಸ್ ಎಂದೇ ಜನರ ಬಾಯಲ್ಲಿರುವ ಸರಕಾರಿ ಆಸ್ಪತ್ರೆ, ನವನಗರದ ಕ್ಯಾನ್ಸರ್ ಆಸ್ಪತ್ರೆ ಅಲ್ಲಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕೇಂದ್ರ ಸಚಿವರಾಗಿದ್ದ ರಫೀ ಅಹ್ಮದ್ ಕಿದ್ವಾಯಿಯವರ ಹೆಸರಿನ, 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಮೊದಲು ಸರಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯಿರಿ. ಎರಡನೇ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲಿನವರಿಗೆ ಅಗೌರವವಲ್ಲ. ಆದರೆ ಎರಡು ಕಡೆ ಒಂದೇ ಮಾತು ಕೇಳಿದ ಬಳಿಕ ಮೂರನೆಯ, ನಾಲ್ಕನೆಯ ಬಾಗಿಲಿಗೆ ರೋಗಿಯನ್ನು ಎಳೆದಾಡಬೇಡಿರಿ.

ಚಿಕಿತ್ಸೆ ನಿಲ್ಲಿಸಿದರೆ ಪಾಪವೇ?

ಪ್ರಾಣ ತೆಗೆಯುವುದು ಬೇರೆ, ರೋಗವನ್ನು ತಡೆಯಲಾರದ ಚಿಕಿತ್ಸೆಯನ್ನು ಬಿಡುವುದು ಬೇರೆ. ವಿಷದ ಇಂಜೆಕ್ಷನ್ ಕೊಟ್ಟು ಸಾಯಿಸುವುದು ಹರಾಮ್, ನಮ್ಮ ದೇಶದ ಕಾನೂನಿಗೂ ವಿರುದ್ಧ. ಆದರೆ ಎಲ್ಲ ಚಿಕಿತ್ಸೆಯೂ ಎಲ್ಲ ಸ್ಥಿತಿಯಲ್ಲೂ ಕಡ್ಡಾಯವಲ್ಲ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ 1992ರಲ್ಲಿ ಸ್ಥಿತಿಗೆ ತಕ್ಕಂತೆ ಚಿಕಿತ್ಸೆಯ ವಿಧಿ ಬದಲಾಗುತ್ತದೆಂದು ವಿವರಿಸಿತು. ಬುದ್ಧಿ ಸ್ವಾಧೀನದಲ್ಲಿರುವ ರೋಗಿಯ ಅನುಮತಿ ಬೇಕೆಂದಿತು. ಮೆದುಳಿನ ಕಾರ್ಯವೆಲ್ಲ ಮರಳಲಾರದಂತೆ ನಿಂತಾಗ ಯಂತ್ರ ತೆಗೆಯಬಹುದೆಂದು 1986ರಲ್ಲೇ ಹೇಳಿತ್ತು. ನಿಮ್ಮ ಮನೆಯ ಪ್ರಸಂಗವನ್ನು ಬಲ್ಲ ಆಲಿಮರ ಮುಂದೆ ವೈದ್ಯರ ವರದಿಯೊಂದಿಗೆ ಇಡಿರಿ.

ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಜೀವಂತ ಉಯಿಲನ್ನು ಒಪ್ಪಿತು, 2023ರಲ್ಲಿ ವಿಧಾನ ಸರಳಗೊಳಿಸಿತು. ತನಗೆ ಅರಿವು ತಪ್ಪಿದಾಗ ಯಾವ ಚಿಕಿತ್ಸೆ ಬೇಡ, ಯಾರು ತನ್ನ ಪರ ಮಾತಾಡಬೇಕು ಎಂದು ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬಹುದು. ಕರ್ನಾಟಕ ಸರಕಾರ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿತು.

ಕ್ಯಾನ್ಸರ್‌ನ ಚಿಕಿತ್ಸೆ ನಿಂತರೂ ರೋಗಿಯ ಆರೈಕೆ ನಿಲ್ಲುವುದಿಲ್ಲ. ಊತ ಇಳಿಸುವ ಡೆಕ್ಸಾಮೆಥಾಸೋನ್, ಫಿಟ್ಸ್ ತಡೆಯುವ ಮಾತ್ರೆ, ನೋವಿಗೆ ಮಾರ್ಫಿನ್ ಬೇಕಾಗುತ್ತವೆ. ಡೆಕ್ಸಾಮೆಥಾಸೋನ್ ಸಕ್ಕರೆ ಏರಿಸುತ್ತದೆ, ಅದನ್ನು ಏಕಾಏಕಿ ನಿಲ್ಲಿಸಬಾರದು. ರಮಝಾನಿನಲ್ಲೂ ಫಿಟ್ಸ್ ಮಾತ್ರೆ ತಪ್ಪಿಸಬಾರದು, ರೋಗಿಗೆ ಉಪವಾಸದ ವಿನಾಯಿತಿಯಿದೆ. ನಮಾಝನ್ನು ಕುಳಿತು, ಮಲಗಿ, ಸನ್ನೆಯಿಂದಲೂ ಮಾಡಬಹುದು. ಅರಿವು ತಪ್ಪಿದವರ ಮೇಲೆ ಭಾರವಿಲ್ಲ. ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂತಹ ರೋಗಿಗಳನ್ನು ಶುಲ್ಕವಿಲ್ಲದೆ ಆರೈಕೆ ಮಾಡುತ್ತಿದೆ.

ಈ ವಾರವೇ ಮಾಡಬೇಕಾದುದು

1. ಮನೆಯವರೆಲ್ಲ ಒಟ್ಟಿಗೆ ವೈದ್ಯರ ಬಳಿ ಕುಳಿತು ಕೇಳಿರಿ: ಈ ಚಿಕಿತ್ಸೆಯ ಗುರಿ ಗುಣಪಡಿಸುವುದೇ, ಕಾಲ ಹೆಚ್ಚಿಸುವುದೇ, ನೋವು ಇಳಿಸುವುದೇ? ಮಾಡದಿದ್ದರೆ ಏನಾಗುತ್ತದೆ?

2. ರೋಗಿಯನ್ನು ಕೇಳಿರಿ: ನಿಮಗೆ ಯಾವುದು ಮುಖ್ಯ? ಯಾವುದನ್ನು ಸಹಿಸಲಾರಿರಿ? ಕೊನೆಯ ದಿನಗಳು ಎಲ್ಲಿ ಕಳೆಯಬೇಕು?

3. ಅವರ ಪರ ಮಾತಾಡುವವರು ಯಾರೆಂದು ಅವರ ಬಾಯಿಂದಲೇ ತಿಳಿದು ಬರೆದಿಡಿರಿ.

4. ಸಾಲ, ಅಮಾನತು, ವಸಿಯ್ಯತ್‌ಗಳ ಪಟ್ಟಿ ಮಾಡಿರಿ.

ಆಯುಷ್ಯದ ಗಡುವು ವೈದ್ಯರ ಕೈಯಲ್ಲೂ ಇಲ್ಲ, ಮಕ್ಕಳ ಕೈಯಲ್ಲೂ ಇಲ್ಲ. ಅವರನ್ನು ಕೇಳಿ, ಅವರ ಮಾತಿನಂತೆ ನಡೆದು, ಕೈ ಹಿಡಿದು ಬಳಿಯಲ್ಲಿ ಕುಳಿತಿದ್ದ ಮಗನೂ ಮಗಳೂ ತಮ್ಮ ಕರ್ತವ್ಯ ಮಾಡಿದ್ದಾರೆ. ತೀರ್ಮಾನ ಬೆಂಗಳೂರಿನ ಕಡೆಗಿರಲಿ, ಮನೆಯ ಕಡೆಗಿರಲಿ, ಆಮೇಲೆ ಸಹೋದರರು ಪರಸ್ಪರ ದೂರುವುದು ಬೇಡ. ಅಲ್ಲಾಹನು ರೋಗಿಗಳಿಗೆ ನೆಮ್ಮದಿಯನ್ನೂ, ಸೇವೆ ಮಾಡುವವರಿಗೆ ವಿವೇಕವನ್ನೂ ಸಹನೆಯನ್ನೂ ಕರುಣಿಸಲಿ. ಆಮೀನ್.