ಕಡಿಮೆ ಕಟ್ಟಿ, ಹೆಚ್ಚು ಕಲಿಸಿ

ಬೇಗಾರ್, ಕೊಪ್ಪ, ನರಸಿಂಹರಾಜಪುರದ ಕಡೆಯ ತೋಟದ ಮನೆಗಳಿಂದ ಮಕ್ಕಳು ಹೊರದೇಶದ ಓದಿಗೆ ಹೊರಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ಯುರೋಪು, ಅಮೆರಿಕದಲ್ಲಿ ತರಗತಿ ಶುರುವಾಗುವುದು ಆಗಸ್ಟ್‌ನಿಂದ ಅಕ್ಟೋಬರ್ ನಡುವೆ. ಆಗ ಅಮ್ಮಂದಿರು ಕೇಳುವುದು ಒಂದೇ ಪ್ರಶ್ನೆ: ಏನೇನು ಕಟ್ಟಿಕೊಡಲಿ?

ಸಾರಿನ ಪುಡಿ, ಹುಳಿಪುಡಿ ಕೊಡಿ, ಸಾಕು. ಒಣಕೊಬ್ಬರಿ ಬೇಡ. ಅದರ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದ ಸಾಮಾನಿನಲ್ಲಿ ಅದಕ್ಕೆ ನಿಷೇಧವಿದೆ. ಯುರೋಪಿನ ಒಕ್ಕೂಟದ ದೇಶಗಳಿಗೆ ತುಪ್ಪ ಒಯ್ಯುವಂತಿಲ್ಲ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಕರಿಬೇವನ್ನೂ ಬಿಡುವುದಿಲ್ಲ. ಆಸ್ಟ್ರೇಲಿಯಾಕ್ಕೆ ಹೋಗುವವರು ತಿನ್ನುವ ಪದಾರ್ಥ ಏನಿದ್ದರೂ ಬರೆದು ತಿಳಿಸಲೇಬೇಕು. ಅಮೆರಿಕ, ಕೆನಡಾದಲ್ಲಿ ಕರೆಂಟು 120 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿ ಅಲ್ಲಿ ಕೆಲಸಕ್ಕೆ ಬಾರದು. ಕುಕ್ಕರ್ ಕೊಡುವುದಾದರೆ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಇಂಡಕ್ಷನ್ ಒಲೆಯಲ್ಲಿ ಅದು ಕಾಯುವುದೇ ಇಲ್ಲ.

ನಿಜವಾದ ತಯಾರಿ ಬೇರೆಯೇ ಇದೆ. ಅಲ್ಲಿನ ವಿದ್ಯಾರ್ಥಿ ನಿಲಯಗಳಲ್ಲಿ ಒಂದೇ ಅಡುಗೆಮನೆಯನ್ನು ನಾಲ್ಕಾರು ದೇಶದ ಮಕ್ಕಳು ಹಂಚಿಕೊಳ್ಳುವುದು ಮಾಮೂಲು. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಅಂಥ ಕತ್ತಲೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ನೂಡಲ್ಸ್ ತಿನ್ನುವ ಮಗುವಿಗಿಂತ, ನಾಲ್ವರ ನಡುವೆ ನಿಂತು ಈರುಳ್ಳಿ ಹೆಚ್ಚುವ ಮಗು ಆ ಚಳಿಗಾಲವನ್ನು ಸುಲಭವಾಗಿ ದಾಟುತ್ತದೆ ಎಂಬುದು ನನ್ನ ದೃಢ ನಂಬಿಕೆ.

‘ನಮ್ಮ ಕಾಡಡುಗೆ ಅವರಿಗೆ ರುಚಿಸುತ್ತದೆಯೇ’ ಎಂದು ಕೇಳುವವರಿದ್ದಾರೆ. ಆ ಅಂಜಿಕೆ ಬೇಡ. ಮಲೆನಾಡಿನ ಮಕ್ಕಳಿಗೆ ಇಲ್ಲಿ ದೊಡ್ಡ ಅನುಕೂಲವೇ ಇದೆ. ನಮ್ಮ ಕಳಲೆ ಚೀನಾ, ಜಪಾನ್, ವಿಯೆಟ್ನಾಂನವರಿಗೆ ನಿತ್ಯದ ತರಕಾರಿ. ನಾವು ಕೆಸುವಿನೆಲೆಯಲ್ಲಿ ಪತ್ರೊಡೆ ಮಾಡಿದರೆ ಫಿಲಿಪ್ಪೀನ್ಸ್‌ನವರು ಅದೇ ಎಲೆಯನ್ನು ತೆಂಗಿನಹಾಲಿನಲ್ಲಿ ಬೇಯಿಸಿ ‘ಲಾಯಿಂಗ್’ ಮಾಡುತ್ತಾರೆ. ಇಂಡೋನೇಷ್ಯಾದ ಯೋಗ್ಯಕರ್ತ ಊರು ಹೆಸರಾಗಿರುವುದೇ ಎಳೆ ಹಲಸಿನಕಾಯಿಯ ‘ಗುಡೆಗ್’ಗೆ. ಒತ್ತುಶ್ಯಾವಿಗೆ ಕಂಡರೆ ಶ್ರೀಲಂಕಾದವರು ತಮ್ಮ ಮನೆಯದೇ ಅನ್ನುತ್ತಾರೆ. ಕಳಲೆಯನ್ನು ನೀರು ಬದಲಿಸುತ್ತಾ ಏಕೆ ನೆನೆಸಬೇಕು, ಕೆಸುವಿಗೆ ಹುಣಸೆಹುಳಿ ಏಕೆ ಬೇಕು ಎಂದು ಅಜ್ಜಿಯಿಂದ ಕಲಿತ ಮಗುವಿಗೆ ಆ ಅಡುಗೆಮನೆಯಲ್ಲಿ ಹೇಳಿಕೊಡಲು ಏನಾದರೂ ಇರುತ್ತದೆ. ಹೇಳಿಕೊಡುವವರಿಗೆ ಕಲಿಯಲು ಸಂಕೋಚವಾಗುವುದಿಲ್ಲ.

ಮಾಂಸ ಬೇಯುವ ಪಾತ್ರೆಯ ಚಿಂತೆ ಶೃಂಗೇರಿ ಸೀಮೆಯ ಹಲವು ಮನೆಗಳಲ್ಲಿದೆ. ಅದನ್ನು ಸಣ್ಣದೆಂದು ನಾನು ತಳ್ಳಿಹಾಕುವುದಿಲ್ಲ. ಮಗುವಿಗೆ ತನ್ನದೇ ಬಾಣಲೆ, ಚಾಕು, ಹೆಚ್ಚುವ ಹಲಗೆ ಇರಲಿ. ತಾನು ಏನು ತಿನ್ನುವುದಿಲ್ಲ ಎಂಬುದನ್ನು ಮೊದಲ ವಾರವೇ ನಗುನಗುತ್ತಾ ಹೇಳಲಿ. ಹಲಾಲ್ ನೋಡಿ ತಿನ್ನುವವರು, ಹಾಲು ಒಗ್ಗದವರು ಅದೇ ಮೇಜಿನಲ್ಲಿರುತ್ತಾರೆ. ಅವರಿಗೆ ಈ ಮಾತು ಹೊಸದಲ್ಲ.

ತಾನು ಬಡಿಸುವಾಗಲೂ ಅಷ್ಟೇ ಎಚ್ಚರ ಬೇಕು. ಆಹಾರದ ಅಲರ್ಜಿ ಪ್ರಾಣಕ್ಕೂ ಬರಬಹುದು. ಯುರೋಪಿನಲ್ಲಿ ಪೊಟ್ಟಣದ ಮೇಲೆ ಎತ್ತಿ ತೋರಿಸಲೇಬೇಕಾದ 14 ಅಲರ್ಜಿ ಪದಾರ್ಥಗಳಲ್ಲಿ ನಮ್ಮ ಒಗ್ಗರಣೆಯ ಸಾಸಿವೆ ಇದೆ. ಎಳ್ಳು, ಶೇಂಗಾ, ಗೋಡಂಬಿಯೂ ಇವೆ. ಅಂಗಡಿಯ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ. ಗೋಧಿ ಆಗದ ಗೆಳೆಯರಿಗೆ ಇಂಗು ಹಾಕಿದ ತಿಳಿಸಾರೂ ಕಾಯಿಲೆ ತರಬಹುದು. ಆದ್ದರಿಂದ ಸೌಟು ಎತ್ತುವ ಮೊದಲು ಕೇಳುವ ಅಭ್ಯಾಸವಾಗಲಿ.

ಒಗ್ಗರಣೆಯ ಹೊಗೆಗೆ ಅಲ್ಲಿ ಅಲಾರಂ ಕೂಗುತ್ತದೆ. ಒಲೆಯ ಮೇಲಿನ ಫ್ಯಾನ್ ಮೊದಲೇ ಹಾಕಬೇಕು. ಗಾಜಿನ ಮೇಲ್ಮೈಯ ಕರೆಂಟು ಒಲೆ ಆರಿಸಿದ ಮೇಲೂ ಕಾದೇ ಇರುತ್ತದೆ, ಬಾಣಲೆಯನ್ನೇ ಎತ್ತಿಡಬೇಕು.

ಇನ್ನು ಅನ್ನ. ರಾತ್ರಿಯ ಅನ್ನ ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲಸುವ ನಮ್ಮ ರೂಢಿ, ಬಿಸಿಮಾಡಿದ ಬೆಚ್ಚಗಿನ ಆ ಕೋಣೆಗಳಲ್ಲಿ ಅಪಾಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗಿದ್ದಷ್ಟು ಹೊತ್ತೂ ಅದು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆಯ ಸಲಹೆ ಹೀಗಿದೆ: ಬೆಂದ ಅನ್ನವನ್ನು 1 ಗಂಟೆಯೊಳಗೆ ತಣಿಸಿ ಫ್ರಿಜ್ಜಿನಲ್ಲಿಡಿ, 24 ಗಂಟೆಯೊಳಗೆ ಮುಗಿಸಿ, ಒಂದೇ ಸಲ ಬಿಸಿ ಮಾಡಿ. ವಾರದ ಅಡುಗೆಯನ್ನು ಭಾನುವಾರವೇ ಮಾಡಿಡುವ ಮಕ್ಕಳಿಗೆ ಇದನ್ನು ಮರೆಯದೆ ಹೇಳಿ.

ಫೋನಿನಲ್ಲಿ ‘ಊಟ ಆಯ್ತಾ’ ಎಂದರೆ ‘ಆಯ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಇವತ್ತು ಯಾರ ಜೊತೆ ಏನು ಮಾಡಿದ್ರಿ’ ಎಂದು ಕೇಳಿ ನೋಡಿ. ಮಗು ಹೇಗಿದೆಯೆಂದು ಉತ್ತರದಲ್ಲೇ ತಿಳಿಯುತ್ತದೆ.

ವೀಸಾ ಕಾಗದಕ್ಕೆ ಓಡಾಡುವ ತಿಂಗಳುಗಳಲ್ಲೇ ಭಾನುವಾರದ ಅಡುಗೆಯನ್ನು ಮಗನಿಗೋ ಮಗಳಿಗೋ ಬಿಟ್ಟುಕೊಡಿ. ಅಕ್ಕಿ ಅಳೆಯುವುದರಿಂದ ಪಾತ್ರೆ ತೊಳೆಯುವ ತನಕ ಎಲ್ಲವೂ ಅವರದೇ ಆಗಲಿ. ಉಪ್ಪು ಹೆಚ್ಚಾದರೂ ಮನೆಮಂದಿಯೆಲ್ಲ ಕೂತು ಉಣ್ಣಿ.